ತಾಗುಪಟ್ಟಿ

ದೋಣಿಗೆ ಸೊಂಟದಲ್ಲೊಂದು ಪಟ್ಟಿ ಇರುತ್ತದೆ,
ಅಂಚಿಗಿಂತ ಗೇಣು ಕೆಳಗೆ, ಮೂತಿಯಿಂದ ಚುಕ್ಕಾಣಿಯ ತನಕ.
ಪುಸ್ತಕದಲ್ಲಿ ಏನನ್ನುತ್ತಾರೋ. ಕೋಡಿಬಾಗದ ನಮ್ಮ ಮನೆಯಲ್ಲಿ
ತಾಗುಪಟ್ಟಿ. ತಾಗುವುದೇ ಅದರ ಕೆಲಸ.
ಕಟ್ಟೆಗೆ ತಾಗುತ್ತದೆ, ಸೇತುವೆಯ ಕಂಬಕ್ಕೆ,
ಪಕ್ಕದ ಟ್ರಾಲರಿನ ತುಕ್ಕಿಗೆ,
ಕುಡಿದು ಚುಕ್ಕಾಣಿ ಹಿಡಿದವನ ಅಂದಾಜಿಗೆ.
ಒಳಗಿನ ಹಲಗೆಗೆ ಸುದ್ದಿಯೂ ಮುಟ್ಟುವುದಿಲ್ಲ.

ನಮ್ಮ ಸಾತೇರಿಯದು ಪುಡಿಯಾಗಿತ್ತು.
ಚಾಕು ಚುಚ್ಚಿದರೆ ಹಿಡಿಯವರೆಗೂ ಹೋಗುತ್ತಿತ್ತು,
ಹಳೇ ಬೆಲ್ಲದೊಳಗೆ ಹೋದಂತೆ.
ಅಪ್ಪ ಅದರ ಮೇಲೆ ಲಾರಿ ಟಯರಿನ ತುಂಡು ಹೊಡೆದಿದ್ದ.
ನಾನು ಟಯರಿನ ಮೇಲೆ, ಅಗ್ನಿಶಾಮಕದವರು
ಹರಾಜು ಹಾಕಿದ ಪೈಪು ಸೀಳಿ ಹೊಡೆದೆ.
ಸಿಹಿನೀರು, ಮಳೆಯದು, ಆ ಮಡಿಕೆಯೊಳಗೇ ಕೂತು
ಮರವನ್ನು ನಿಧಾನಕ್ಕೆ ತಿಂದಿತು.
ಕಾಯಲು ಹಾಕಿದ್ದೇ.

ಪಾಸ್ಕು ಮೇಸ್ತ್ರಿ ಬಂದ, ಕಿವಿಯಲ್ಲಿ ಪೆನ್ಸಿಲು.
ಎಲ್ಲರೂ ಫೈಬರಿಗೆ ಹೋದ ಮೇಲೆ
ಬಾಗಿಲು, ಚೌಕಟ್ಟು, ಶವಪೆಟ್ಟಿಗೆ ಮಾಡಿ ಬದುಕಿದವ.
ಗೆಣ್ಣಿನಿಂದ ತಟ್ಟುತ್ತ ಒಂದು ಸುತ್ತು ಬಂದ,
ಕಲ್ಲಂಗಡಿ ಕೊಳ್ಳುವವನ ಹಾಗೆ.
"ರಬ್ಬರು ಬೇಡ ಬಾಯೇ, ಅದು ಕಪ್ಪು ಉಗುಳುತ್ತದೆ.
ಸಾಗುವಾನಿ ಹಾಕುವಾ, ಮೇಲೆ ಹಿತ್ತಾಳೆಯ ಅರ್ಧಗೋಲ.
ಮೊದಲು ಹಿತ್ತಾಳೆ ಸವೆಯಲಿ, ಆಮೇಲೆ ಮರ.
ದೋಣಿಯ ಸರದಿ ಬರುವಷ್ಟರಲ್ಲಿ ನಾವಿಬ್ಬರೂ ಇರುವುದಿಲ್ಲ."
ಹಿತ್ತಾಳೆಯ ರೇಟು ಹೇಳಿದ.
ನಾನು ಸದಾಶಿವಗಡದ ಗುಡ್ಡ ನೋಡಿದೆ.
ಗುಡ್ಡ ಏನೂ ಹೇಳಲಿಲ್ಲ.
"ಹಿತ್ತಾಳೆ ಬಲಮಗ್ಗುಲಿಗೆ ಸಾಕು," ಅಂದೆ,
"ನಾವು ಕಟ್ಟುವುದೆಲ್ಲ ಬಲಕ್ಕೇ."

ಬಿಚ್ಚುವುದಕ್ಕೇ ಎರಡು ದಿನ. ಸ್ಕ್ರೂಗಳಿಗೆ ತಲೆಯೇ ಇರಲಿಲ್ಲ;
ಒಂದೊಂದರ ಬುಡ ಕೆತ್ತಿ, ಹಲ್ಲಿನ ಡಾಕ್ಟರಂತೆ ಎಳೆದ.
ಪಟ್ಟಿ ತುಂಡುತುಂಡಾಗಿ ಮರಳಿಗೆ ಬಿತ್ತು.
ಈ ಹೊಂಡ ಕೂರ್ಮಗಡದ ಬಂಡೆ.
ಈ ಸೀಳು, ಹಾಯಿ ಇಳಿಸಲು ತಡಮಾಡಿದ ನಾನು,
ಹದಿನಾರು ವರ್ಷದವಳು.
ಉಳಿದವು ಯಾರವೋ ಗೊತ್ತಿಲ್ಲ.

ಅದರಡಿ ಒಂದು ನೀಲಿ, ನಾಲ್ಕು ಬೆರಳಗಲ.
ಬಿಸಿಲು ಕಾಣದ, ಉಪ್ಪು ಕಾಣದ ನೀಲಿ.
ನಾನು ಕಂಡಾಗಿನಿಂದ ಸಾತೇರಿ ಹಸಿರೇ ಇದ್ದಳು.
ನೀಲಿಯ ಮೇಲೆ ಪೆನ್ಸಿಲಿನಲ್ಲಿ
ಒಂದು ಉರುಟು. ಪಕ್ಕದಲ್ಲಿ ೧೪.

ಮೇಸ್ತ್ರಿ ಕನ್ನಡಕ ಒರೆಸಿ ಮತ್ತೆ ಬಗ್ಗಿದ.
"ನನ್ನಪ್ಪನ ಕೈ. ಅಕ್ಷರ ಬರುತ್ತಿರಲಿಲ್ಲ ಅವನಿಗೆ,
ಗಿರಾಕಿಗಳನ್ನು ಚಿತ್ರದಲ್ಲೇ ಬರೆದುಕೊಳ್ಳುತ್ತಿದ್ದ.
ಉರುಟು ಅಂದರೆ ಲಾಡು.
ಲಾಡು ಅಂದರೆ ಲಾಡು ತಾಂಡೇಲ, ನಿನ್ನಪ್ಪ.
ಹದಿನಾಲ್ಕು ರೂಪಾಯಿ ಬಾಕಿ."
ಕೇಳಿದರೆ ಜಗಳ, ಬಿಟ್ಟರೆ ಹೊಟ್ಟೆಯುರಿ;
ಬರೆದು, ಮೇಲೆ ಪಟ್ಟಿ ಹೊಡೆದು ಮುಚ್ಚಿದ್ದಾನೆ ಪುಣ್ಯಾತ್ಮ.
ಆಮೇಲೆ ಇಬ್ಬರೂ ಒಂದೇ ಬೀಡಿಯನ್ನು
ಆಚೀಚೆ ದಾಟಿಸುತ್ತ ಇದೇ ಮರಳಲ್ಲಿ ಕೂತದ್ದು
ನನಗೆ ನೆನಪಿದೆ.

ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟು ಕೊಟ್ಟೆ.
ಬೇಡ ಅನ್ನಲಿಲ್ಲ. ಜೇಬು ತಡಕಿದ,
ಚಿಲ್ಲರೆ ಐದೇ ಇತ್ತು.
ಕಿವಿಯ ಪೆನ್ಸಿಲು ತೆಗೆದು ೧೪ನ್ನು ಹೊಡೆದುಹಾಕಿ
ಕೆಳಗೆ ಬರೆದ, ಶಾಲೆಯ ದುಂಡು ಅಕ್ಷರದಲ್ಲಿ:
ಪಾಸ್ಕು, ೧.
ನೀಲಿಗೆ ಬಣ್ಣ ಬಳಿಯಬೇಡ ಅಂದೆ.
ಗೇರೆಣ್ಣೆ ಕುಡಿಸಿದ ಹೊಸ ಪಟ್ಟಿಯನ್ನು ಅದರ ಮೇಲಿಟ್ಟು
ಮೊಳಕ್ಕೆ ಮೂರರಂತೆ ಸ್ಕ್ರೂ ತಿರುಗಿಸುತ್ತ ಹೋದ.
ಕೈಯ ಕಪ್ಪು ವಾರವಾದರೂ ಹೋಗಲಿಲ್ಲ.

ನೀರಿಗಿಳಿಸಿದ ದಿನ ಕಾಳಿಯಲ್ಲಿ ಇಳಿತದ ಸೆಳೆತ.
ಹಾಯಿ ಸುತ್ತಿ ಕಟ್ಟೆಗೆ ಬರುವಾಗ ಅಂದಾಜು ತಪ್ಪಿತು.
ಠಣ್ ಎಂದಿತು ಹಿತ್ತಾಳೆ, ತಾಟು ಬಿದ್ದ ಹಾಗೆ.
ಮೇಸ್ತ್ರಿ ಮೇಲೆ ನಿಂತಿದ್ದ, ಕೈಯಲ್ಲಿ ಚಹಾ.
"ಆ ಬದಿಗೆ ಎಷ್ಟು ಬೇಕಾದರೂ ತಾಗಲಿ," ಎಂದು ಕೂಗಿದ,
"ಎಡಕ್ಕೆ ಮಾತ್ರ ದುಡ್ಡು ಕೂಡಿಡು ಬಾಯೇ!"
ನಾನೂ ಕೂಗಿದೆ: "ನನ್ನ ಒಂದು ರೂಪಾಯಿ?"
ಗಾಳಿ ಅತ್ತಲಿಂದಿತ್ತು. ಕೇಳಿಸಲಿಲ್ಲವಂತೆ.